ಕ್ಯಾಮೆರಾ ಇವಳ ಕೈಗೇ ಕೊಡಿ

ಸರದಿಯಲ್ಲಿ ಮುಂದಿದ್ದ ನಾಲ್ಕು ಪತ್ರಗಳನ್ನು ಪಕ್ಕಕ್ಕಿಟ್ಟು ಸಾಗರದ ಓದುಗರೊಬ್ಬರಿಗೆ ಉತ್ತರ ಬರೆಯುತ್ತಿದ್ದೇನೆ. ಉಳಿದವರು ಬೇಸರ ಮಾಡಿಕೊಳ್ಳಬೇಡಿ. ಈ ಅವಸರಕ್ಕೆ ಕಾರಣವಿದೆ, ಕೊನೆಗೆ ಹೇಳುತ್ತೇನೆ.

ಪತ್ರದ ಸಾರ ಇಷ್ಟು. ಬರೆದವರಿಗೆ 44 ವರ್ಷ. ತವರಲ್ಲೂ ಗಂಡನ ಮನೆಯಲ್ಲೂ ಫೋಟೊ ಎಂದರೆ ಇವರೇ. ಮೂರು ವಾರದ ಹಿಂದೆ ಅಪ್ಪನ ಎಪ್ಪತ್ತರ ಭೀಮರಥ ಶಾಂತಿ ನಡೆಯಿತು. ಕಲಶ ಇಟ್ಟಲ್ಲಿಂದ ತಾಂಬೂಲ ಕೊಡುವವರೆಗೂ ಕ್ಯಾಮೆರಾ ಹಿಡಿದು ನಿಂತು, ಕೊನೇ ಪಂಕ್ತಿಯಲ್ಲಿ ಉಂಡು, 640 ಫೋಟೊ ತೆಗೆದರು. ತಮ್ಮ ಅದರಲ್ಲಿ 90 ಆರಿಸಿ, ಕರಿಷ್ಮಾ ಆಲ್ಬಂ (ದೊಡ್ಡ ಹಾಳೆಗಳ ಮೇಲೇ ಫೋಟೊ ಅಚ್ಚು ಹಾಕಿ ಪುಸ್ತಕದ ಹಾಗೆ ಕಟ್ಟುತ್ತಾರಲ್ಲ, ಅದು) ಮಾಡಿಸೋಣ ಎಂದು ಮನೆಯವರ ವಾಟ್ಸ್‌ಆ್ಯಪ್ ಗ್ರೂಪಿಗೆ ಹಾಕಿದ. ಒಂದರಲ್ಲೂ ಅಕ್ಕ ಇಲ್ಲ. ಯಾರಿಗೂ ಅದು ಹೊಳೆಯಲೂ ಇಲ್ಲ. ‘ಸೂಪರ್’, ‘ಸೂಪರ್’ ಎಂದು ಸಾಲುಸಾಲು ಬಂತು. ಈಗ ಮುಂದಿನ ತಿಂಗಳು ಚಿಕ್ಕಮ್ಮನ ಮಗನ ಮದುವೆ. “ಕ್ಯಾಮೆರಾ ಮರೀಬೇಡ ಕಣೇ” ಎಂದು ಚಿಕ್ಕಮ್ಮನ ಫೋನು ಬಂದಿದೆ. ಹೋಗಲೋ ಬೇಡವೋ, ಕ್ಯಾಮೆರಾವನ್ನೇ ಮಾರಿಬಿಡಲೋ ಎಂದು ಕೇಳಿದ್ದಾರೆ.

ತಮ್ಮನ ಮೇಲೆ ನಿಮಗೆ ಸಿಟ್ಟು. ನನಗಿಲ್ಲ. 640ರಲ್ಲಿ ಇಲ್ಲದ ಅಕ್ಕನನ್ನು ಅವನು 90ರಲ್ಲಿ ಎಲ್ಲಿಂದ ತರಬೇಕು? ನನ್ನ ಕಣ್ಣು ನಿಂತದ್ದು ಬೇರೆ ಕಡೆ. ಎರಡನೇ ಪುಟದಲ್ಲಿ, ಬ್ರಾಕೆಟ್ಟಿನೊಳಗೆ, ಹೀಗೆ ಬರೆದಿದ್ದೀರಿ: “1998ರಲ್ಲಿ ನಾನು ಪಿಯುಸಿ. ಚಿಕ್ಕಮ್ಮ ತಮಾಷೆಗೆ, ಇವಳು ಫೋಟೊದಲ್ಲಿ ಚೆನ್ನಾಗಿ ಬರಲ್ಲ, ಕ್ಯಾಮೆರಾ ಇವಳ ಕೈಗೇ ಕೊಡಿ ಅಂದರು. ಅಲ್ಲಿಂದಲೇ ನನ್ನ ಹವ್ಯಾಸ ಶುರು!”

ಆ ಆಶ್ಚರ್ಯಸೂಚಕ ಚಿಹ್ನೆಯನ್ನು ನಾನು ನಂಬುವುದಿಲ್ಲ. ಕಾಲು ಶತಮಾನ ದಾಟಿದರೂ ಮಾತು ಹಾಗೆ ಹಾಗೇ ನೆನಪಿದೆ. ತಮಾಷೆಗಳು ಅಷ್ಟು ದಿನ ಬಾಳುವುದಿಲ್ಲ.

ಈ ಅಂಕಣದ ಹಳೇ ಓದುಗರಿಗೆ ಗೊತ್ತು, “ತಮಾಷೆಗೆ ಅಂದೆ” ಎನ್ನುವವರನ್ನು ಕಂಡರೆ ನನಗಾಗದು. ಹದಿನೇಳರ ಹುಡುಗಿಯ ಹಲ್ಲು, ಬಣ್ಣ, ಮೈಕಟ್ಟು, ಇವೆಲ್ಲ ಇಂಥ ಚಿಕ್ಕಮ್ಮಂದಿರಿಗೆ ಊಟವಾದ ಮೇಲಿನ ಎಲೆಅಡಿಕೆ. ಅಗಿದರು, ಉಗಿದರು, ಮರೆತರು. ಕಲೆ ಮಾತ್ರ ಇನ್ನೊಬ್ಬರ ಗೋಡೆಯ ಮೇಲೆ. ಆ ಹುಡುಗಿ ಆವತ್ತು ಫೋಟೊ ಸಾಲಿನಿಂದ ಹೊರಗೆ ಬಂದವಳು, ಮತ್ತೆ ಒಳಗೆ ಹೋಗಿಲ್ಲ. ಅದೇ ಚಿಕ್ಕಮ್ಮ ಈಗ ಬಿಟ್ಟಿ ಫೋಟೊಗೆ ಕರೆಯುತ್ತಿದ್ದಾರೆ, ನೋಡಿ.

ಆದರೆ ಪೂರ್ತಿ ತಪ್ಪನ್ನು ಅವರ ತಲೆಗೇ ಕಟ್ಟಲು ನೀವು ಬಿಟ್ಟಿಲ್ಲ. ಇನ್ನೊಂದು ಸಾಲು: “ಅಪ್ಪನ ಕಾಲಿಗೆ ಬೀಳುವಾಗ ಯಜಮಾನರು ನನ್ನ ಫೋನಿನಲ್ಲಿ ಮೂರ್ನಾಲ್ಕು ತೆಗೆದಿದ್ದರು. ಚೆನ್ನಾಗಿ ಬಂದಿರಲಿಲ್ಲ, ರಾತ್ರಿಯೇ ಅಳಿಸಿಬಿಟ್ಟೆ.”

ಅಲ್ಲಮ್ಮ, ಚಿಕ್ಕಮ್ಮ ಒಮ್ಮೆ ಅಂದು ಸುಮ್ಮನಾದರು. ಅದನ್ನು ಇಷ್ಟು ವರ್ಷ ತಪ್ಪದೆ ಪಾಲಿಸಿಕೊಂಡು ಬಂದವರು ಯಾರು?

ಆವತ್ತು ನಿಮ್ಮ ಕೈಗೆ ಬಂದದ್ದು ಕೊಡಾಕ್ ಕೆಬಿ-10 ಅಂತೀರಿ. ನಮ್ಮ ಮನೆಯಲ್ಲೂ ಅದೇ ಇತ್ತು. ಫೋಕಸ್ಸಿನ ರಗಳೆ ಇಲ್ಲ, ಒತ್ತಿದರೆ ಆಯಿತು. 36ರ ರೋಲು, ಅದೃಷ್ಟವಿದ್ದರೆ 37ನೆಯದೂ ಸಿಗುತ್ತಿತ್ತು. ಸ್ಟುಡಿಯೊದಲ್ಲಿ ತೊಳೆಸಿ, ಪ್ರಿಂಟ್ ಹಾಕಿಸಿ, ಕವರು ಬಿಚ್ಚಿದಾಗ ಬಂದದ್ದು ಬಂದಿರುತ್ತಿತ್ತು. ನಮ್ಮ ಸೋದರತ್ತೆ ಬಾಯ್ತುಂಬ ಲಾಡು ತುಂಬಿಕೊಂಡು ಕೂತಿದ್ದಾರೆ, ಅಣ್ಣ ಕಣ್ಣು ಮುಚ್ಚಿದ್ದಾನೆ, ನನ್ನ ಮೂಗಿನ ಮೇಲೆ ಫ್ಲ್ಯಾಶಿನ ಬಿಳಿ ಚುಕ್ಕೆ. ದುಡ್ಡು ಕೊಟ್ಟಾಗಿದೆ, ಬಿಸಾಡುವ ಹಾಗಿಲ್ಲ. ಎಲ್ಲವೂ ಆಲ್ಬಮ್ಮಿಗೆ ಸೇರಿದವು. ಸೋದರತ್ತೆ ಈಗಿಲ್ಲ. ಅವರ ನೆನಪಾದಾಗ ನಾವು ತೆಗೆದು ನೋಡುವುದು ಆ ಲಾಡಿನ ಫೋಟೊವನ್ನೇ. ಫೋನಿನಲ್ಲಿ ಆಗಿದ್ದಿದ್ದರೆ ಅತ್ತೆ ಅಲ್ಲೇ ಕಸಿದು ಅಳಿಸಿರುತ್ತಿದ್ದರು.

ಇನ್ನು ನಿಮ್ಮ “ಚೆನ್ನಾಗಿ ಬರಲ್ಲ”. ನಿಮ್ಮ ಮುಖ ನಿಮಗೆ ಗೊತ್ತಿರುವುದು ಕನ್ನಡಿಯಿಂದ. ಅಲ್ಲಿ ಬೈತಲೆ, ಮಚ್ಚೆ, ನಗುವಾಗ ಓರೆಯಾಗುವ ತುಟಿ ಎಲ್ಲವೂ ಎಡಬಲ ಅದಲುಬದಲು. ಫೋಟೊ ತೋರಿಸುವುದು ಉಳಿದವರು ದಿನಾ ನೋಡುವ ಮುಖವನ್ನು. ಅದಕ್ಕೇ ಅದು ನಿಮಗೊಬ್ಬರಿಗೇ ವಿಚಿತ್ರ. ಜೊತೆಗೆ ಫೋನಿನ ಲೆನ್ಸು ತೀರಾ ಹತ್ತಿರ ಬಂದರೆ ಮೂಗನ್ನು ದಪ್ಪ ಮಾಡುತ್ತದೆ, ಗುಂಪಿನ ಅಂಚಿನಲ್ಲಿ ನಿಂತವರನ್ನು ಅಡ್ಡಕ್ಕೆ ಎಳೆಯುತ್ತದೆ. ಇಷ್ಟು ವರ್ಷ ಬೇರೆಯವರನ್ನು “ಸ್ವಲ್ಪ ಮಧ್ಯಕ್ಕೆ ಬನ್ನಿ” ಎಂದು ಸರಿಸಿದ ನಿಮಗೆ ಇದು ಗೊತ್ತಿಲ್ಲವೇ?

ಹೋಮಾಯಿ ವ್ಯಾರವಾಲಾ ಹೆಸರು ಕೇಳಿರುತ್ತೀರಿ. ದೇಶದ ಮೊದಲ ಮಹಿಳಾ ಪತ್ರಿಕಾ ಛಾಯಾಗ್ರಾಹಕಿ, 2011ರಲ್ಲಿ ಪದ್ಮವಿಭೂಷಣ ಬಂತು. ಶುರುವಿನಲ್ಲಿ ಅವರ ಫೋಟೊಗಳು ಅಚ್ಚಾದದ್ದು ಗಂಡನ ಹೆಸರಿನಲ್ಲಿ. ಹೊರಗಿನವರಿಗೆ ಆಕೆ ಯಾರೆಂದೇ ಗೊತ್ತಿರಲಿಲ್ಲ, ಹಾಗಾಗಿ ಹೆಸರು ಮರೆಯಾಯಿತು. ನಿಮ್ಮ ಮನೆಯವರಿಗೆ ನೀವು ಯಾರೆಂದು ಗೊತ್ತಿಲ್ಲವೇನು? ಮರೆಯಾಗಿದ್ದು ನಿಮ್ಮದೇ ಬೆರಳಿನಿಂದ.

ಮದುವೆಯ ಮಾತು ಬೇಗ ಮುಗಿಸುತ್ತೇನೆ. ಹೋಗಿ. ಅಲ್ಲಿ ದುಡ್ಡು ಕೊಟ್ಟು ಕರೆಸಿದ ಫೋಟೊದವರು ಇದ್ದೇ ಇರುತ್ತಾರೆ. ಕ್ಯಾಮೆರಾ ಮನೆಯಲ್ಲಿರಲಿ, ಊಟ ಮೊದಲ ಪಂಕ್ತಿಯಲ್ಲಾಗಲಿ. ಚಿಕ್ಕಮ್ಮ ಕೇಳಿದರೆ “ತಂದಿಲ್ಲ ಚಿಕ್ಕಮ್ಮ” ಎಂದರೆ ಸಾಕು, ವಿವರಣೆ ಬೇಡ. ಕ್ಯಾಮೆರಾ ಮಾರುವ ಮಾತಂತೂ ಎತ್ತಲೇಬೇಡಿ. ಹೇಗೆ ಶುರುವಾಗಿದ್ದರೂ ಈಗ ಅದು ನಿಮ್ಮ ಪ್ರೀತಿಯ ಕೆಲಸ. ಅಪ್ಪ ಪೂರ್ಣಾಹುತಿಯ ಹೊಗೆಗೆ ಕಣ್ಣು ಕಿರಿದು ಮಾಡಿದ್ದನ್ನು ಹಿಡಿದೆ ಎಂದು ಆರು ಸಾಲು ಬರೆದಿದ್ದೀರಲ್ಲ, ಬೇಸರದ ಪತ್ರದಲ್ಲೂ ಆ ಸಾಲುಗಳು ಕುಣಿಯುತ್ತಿದ್ದವು.

ಈಗ ಅವಸರದ ವಿಷಯ. ಫೋನಿನಲ್ಲಿ ಅಳಿಸಿದ್ದು ತಕ್ಷಣ ಹೋಗುವುದಿಲ್ಲ. ಬಹಳಷ್ಟು ಫೋನುಗಳ ಟ್ರ್ಯಾಶ್‌ನಲ್ಲಿ 30 ದಿನ ಇರುತ್ತದೆ. ಗೂಗಲ್ ಫೋಟೋಸ್‌ಗೆ ಬ್ಯಾಕಪ್ ಆಗಿದ್ದರೆ 60 ದಿನ. ನನ್ನ ಲೆಕ್ಕದಲ್ಲಿ ಇದನ್ನು ನೀವು ಓದುವಾಗ 27ನೇ ದಿನ. ತಮ್ಮ ಇನ್ನೂ ಪ್ರಿಂಟಿಗೆ ಕೊಟ್ಟಿಲ್ಲ ಎಂದೂ ಬರೆದಿದ್ದೀರಿ.

ಟ್ರ್ಯಾಶ್ ತೆರೆಯಿರಿ. ಯಜಮಾನರು ತೆಗೆದ ಆ ಮೂರ್ನಾಲ್ಕನ್ನು ರೀಸ್ಟೋರ್ ಮಾಡಿ. ದೊಡ್ಡದು ಮಾಡಿ ನೋಡಲು ಹೋಗಬೇಡಿ, ನೋಡಿದರೆ ಮತ್ತೆ ಅಳಿಸುತ್ತೀರಿ. ನೇರ ತಮ್ಮನಿಗೆ ಕಳಿಸಿ, ವಾಟ್ಸ್‌ಆ್ಯಪ್‌ನಲ್ಲಾದರೆ ಡಾಕ್ಯುಮೆಂಟ್ ಆಗಿ. ಇಲ್ಲದಿದ್ದರೆ ಫೋಟೊ ಕುಗ್ಗಿ, ಕರಿಷ್ಮಾದ ದೊಡ್ಡ ಹಾಳೆಯಲ್ಲಿ ಮಸುಕಾಗುತ್ತದೆ. ಕೆಳಗೆ ಒಂದೇ ಸಾಲು ಬರೆಯಿರಿ: “90ರಲ್ಲಿ ಯಾವುದನ್ನಾದರೂ ತೆಗೆದು ಇದನ್ನು ಹಾಕು.”