ಕ್ಯಾಟಲೋನಿಯಾದವರು ಸ್ಪೇನ್ ಬಿಟ್ಟು ಹೋಗಬೇಕು ಅನ್ನುವುದು ಬರೀ ದುಡ್ಡಿಗಾಗಿಯಾ?

ನೀವು ಕೇಳಿರುವುದು ಎರಡು ಪ್ರಶ್ನೆ. ಹೊಟ್ಟೆ ತುಂಬಿದ ಯುರೋಪಿನಲ್ಲೂ ಕ್ಯಾಟಲೋನಿಯಾ, ಸ್ಕಾಟ್ಲೆಂಡ್‌ನವರು ಬೇರೆ ದೇಶ ಬೇಕು ಅಂತಾರಲ್ಲ, ಅದು ದುಡ್ಡಿನ ಜಗಳವಾ ಭಾಷೆಯ ಜಗಳವಾ ಅನ್ನುವುದು ಒಂದು. ಬೇರೆಯಾಗಬೇಕೋ ಬೇಡವೋ ಅಂತ ಸ್ಕಾಟ್ಲೆಂಡಿನಲ್ಲಿ ಶಾಂತವಾಗಿ ಮತದಾನ ಆಯಿತು, ಕ್ಯಾಟಲೋನಿಯಾದಲ್ಲಿ ಯಾಕೆ ಲಾಠಿ ಬೀಸಿದರು ಅನ್ನುವುದು ಇನ್ನೊಂದು.

2016ರಿಂದ 2019ರವರೆಗೆ ನಾನು ಕೆಲಸದ ಮೇಲೆ ಕ್ಯಾಟಲೋನಿಯಾದ ರಾಜಧಾನಿ ಬಾರ್ಸಿಲೋನಾದಲ್ಲಿದ್ದೆ. ಹಾಗಾಗಿ ಕ್ಯಾಟಲೋನಿಯಾದ ಬಗ್ಗೆಯೇ ಜಾಸ್ತಿ ಹೇಳುತ್ತೇನೆ. ಸ್ಕಾಟ್ಲೆಂಡ್ ನಡುವೆ ಬಂದು ಹೋಗುತ್ತದೆ.

ದುಡ್ಡೂ ಇದೆ, ಭಾಷೆಯೂ ಇದೆ. ಆದರೆ ಅವೆರಡೂ ಹಳೆಯ ಜಗಳಗಳು. 2010ಕ್ಕೆ ಮುಂಚೆ ಸಮೀಕ್ಷೆಗಳಲ್ಲಿ "ಬೇರೆ ದೇಶವೇ ಬೇಕು" ಅನ್ನುತ್ತಿದ್ದವರು ಐದರಲ್ಲಿ ಒಬ್ಬರಷ್ಟೇ. 2013ರ ಹೊತ್ತಿಗೆ ಅದು ಅರ್ಧದ ಹತ್ತಿರ ಬಂದಿತ್ತು. ನಾಲ್ಕೈದು ವರ್ಷದಲ್ಲಿ ಯಾರ ಭಾಷೆಯೂ ಬದಲಾಗುವುದಿಲ್ಲ, ಅಲ್ವಾ? ಹಾಗಾದರೆ ಬದಲಾಗಿದ್ದು ಏನು?

ಹಿನ್ನೆಲೆ ಬೇಗ ಹೇಳಿಬಿಡುತ್ತೇನೆ. 1714ರ ಸೆಪ್ಟೆಂಬರ್ 11ರಂದು ಐದನೇ ಫಿಲಿಪ್ ರಾಜನ ಸೈನ್ಯ ಬಾರ್ಸಿಲೋನಾವನ್ನು ಗೆದ್ದಿತು. ಕ್ಯಾಟಲೋನಿಯಾದ ಸ್ವಂತ ಕಾನೂನು, ಸ್ವಂತ ಆಡಳಿತ ಅಲ್ಲಿಗೆ ಮುಗಿಯಿತು. ಸೋತ ಆ ದಿನವನ್ನೇ ಇವರು ನಾಡಹಬ್ಬವಾಗಿ ಆಚರಿಸುತ್ತಾರೆ. ಬಾರ್ಸಾ, ಅಂದರೆ ಬಾರ್ಸಿಲೋನಾ ಫುಟ್‌ಬಾಲ್ ಕ್ಲಬ್‌ನ ಮೈದಾನಕ್ಕೆ ಮೊದಲ ಸಲ ಹೋದಾಗ ಆಟದ 17ನೇ ನಿಮಿಷ 14ನೇ ಸೆಕೆಂಡಿಗೆ ಸುತ್ತಲಿದ್ದವರು ಎದ್ದು "ಸ್ವಾತಂತ್ರ್ಯ" ಅಂತ ಕೂಗಿದರು. ಗೋಲು ಆಯಿತೇನೋ ಅಂದುಕೊಂಡು ನಾನೂ ಎದ್ದು ನಿಂತುಬಿಟ್ಟೆ!

ಆಮೇಲೆ ಸರ್ವಾಧಿಕಾರಿ ಫ್ರಾಂಕೋ ಕಾಲ, 1939ರಿಂದ 1975. ಕ್ಯಾಟಲೋನಿಯಾ ಸರ್ಕಾರದ ಅಧ್ಯಕ್ಷರಾಗಿದ್ದ ಲ್ಯೂಯಿಸ್ ಕುಂಪಾನ್ಯ್ಸ್ ಫ್ರಾನ್ಸಿನಲ್ಲಿ ತಲೆಮರೆಸಿಕೊಂಡಿದ್ದರು. ಅವರನ್ನು ಹಿಟ್ಲರನ ಪೊಲೀಸರು ಹಿಡಿದು ಫ್ರಾಂಕೋ ಕಡೆಯವರಿಗೆ ಕೊಟ್ಟರು. 1940ರ ಅಕ್ಟೋಬರ್‌ನಲ್ಲಿ ಬಾರ್ಸಿಲೋನಾದ ಮೊಂಜೂಯಿಕ್ ಕೋಟೆಯಲ್ಲಿ ಗುಂಡಿಟ್ಟು ಕೊಂದರು. ಕ್ಯಾಟಲನ್ ಭಾಷೆ ಶಾಲೆಯಿಂದ, ಕಚೇರಿಯಿಂದ ಹೊರಬಿತ್ತು. ನನ್ನ ಜೊತೆ ಕೆಲಸ ಮಾಡುತ್ತಿದ್ದ ಹುಡುಗನೊಬ್ಬ ವಿಕ್ ಊರಿನವನು. ಅವನ ಅಜ್ಜಿಗೆ ಜೀವಮಾನವೆಲ್ಲ ಆಡಿದ ಆ ಭಾಷೆಯಲ್ಲಿ ಒಂದು ಸಾಮಾನಿನ ಚೀಟಿ ಬರೆಯಲೂ ಬರುತ್ತಿರಲಿಲ್ಲ. ಕಲಿಸಿದ್ದೆಲ್ಲ ಸ್ಪ್ಯಾನಿಷ್ ಅಕ್ಷರ. ಕನ್ನಡದವನಾದ ನನಗೆ ಈ ನೋವು ಬೇಗ ಅರ್ಥವಾಯಿತು. ಆದರೆ ಅದಕ್ಕೆ ಬೇರೆ ದೇಶವೇ ಯಾಕೆ ಬೇಕು ಅನ್ನುವುದು ತಲೆಗೆ ಹೋಗಲು ಎರಡು ವರ್ಷ ಹಿಡಿಯಿತು.

ಯಾಕೆಂದರೆ ಫ್ರಾಂಕೋ ಸತ್ತ ಮೇಲೆ ಇವರು ಸಿಟ್ಟಿನಿಂದ ಎದ್ದು ಹೋಗಲಿಲ್ಲ. 1978ರ ಸ್ಪೇನ್ ಸಂವಿಧಾನಕ್ಕೆ ಕ್ಯಾಟಲೋನಿಯಾದಲ್ಲಿ ಮತ ಹಾಕಿದವರಲ್ಲಿ ಶೇ. 90ರಷ್ಟು ಜನ ಹೂಂ ಅಂದಿದ್ದರು. ಸ್ವಾಯತ್ತ ಸರ್ಕಾರ ಬಂತು, ಶಾಲೆ ಕ್ಯಾಟಲನ್‌ನಲ್ಲಿ ನಡೆಯತೊಡಗಿತು, 1983ರಲ್ಲಿ ಸ್ವಂತ ಟಿವಿ ಚಾನೆಲ್ ಬಂತು. ಜೋರ್ದಿ ಪುಜೋಲ್ 1980ರಿಂದ 2003ರವರೆಗೆ ಅಧ್ಯಕ್ಷರಾಗಿದ್ದರು. ಅಷ್ಟು ವರ್ಷವೂ ಅವರದು ಮ್ಯಾಡ್ರಿಡ್, ಅಂದರೆ ಸ್ಪೇನಿನ ಕೇಂದ್ರ ಸರ್ಕಾರದ ಜೊತೆ ಚೌಕಾಸಿ ರಾಜಕೀಯ. ಅಲ್ಲಿ ಯಾರಿಗಾದರೂ ಬಹುಮತ ಕಡಿಮೆ ಬಿದ್ದರೆ ಇವರ ಬೆಂಬಲ, ಬದಲಿಗೆ ಇವರಿಗೆ ಒಂದಿಷ್ಟು ಅಧಿಕಾರ. ಗಾಡಿ ಹೋಗುತ್ತಿತ್ತು.

ದುಡ್ಡಿನ ಮಾತೂ ಸುಳ್ಳಲ್ಲ. ಸ್ಪೇನಿನ ಜನಸಂಖ್ಯೆಯಲ್ಲಿ ಕ್ಯಾಟಲೋನಿಯಾದ್ದು ಶೇ. 16, ಜಿಡಿಪಿಯಲ್ಲಿ ಸುಮಾರು ಶೇ. 19. ಕೊಡುವುದು ಜಾಸ್ತಿ, ಬರುವುದು ಕಡಿಮೆ ಅನ್ನುವ ಗೊಣಗಾಟ ಸದಾ ಇದ್ದದ್ದೇ. ಆದರೆ ಅದಕ್ಕಿಂತ ಹೆಚ್ಚು ಚುಚ್ಚುವುದು ಬಾಸ್ಕ್ ಪ್ರಾಂತ್ಯ ಮತ್ತು ನವಾರದ ಉದಾಹರಣೆ. ಅವರು ತಮ್ಮ ತೆರಿಗೆಯನ್ನು ತಾವೇ ವಸೂಲಿ ಮಾಡಿ, ಕೇಂದ್ರಕ್ಕೆ ಗೊತ್ತಾದ ಪಾಲನ್ನು ಕಳಿಸುತ್ತಾರೆ. ಒಂದೇ ದೇಶದಲ್ಲಿ ಪಕ್ಕದ ಮನೆಯವನಿಗೆ ಒಂದು ನ್ಯಾಯ, ನಮಗೊಂದು ಅನ್ನುವ ಕಿರಿಕಿರಿ ಅದು.

ಇಷ್ಟಾದರೂ ಜನ ಗೊಣಗುತ್ತಾ ಇದ್ದರು ಅಷ್ಟೇ. ಕೆಟ್ಟಿದ್ದು 2006ರಿಂದ 2010ರ ನಡುವೆ. ನನ್ನ ಲೆಕ್ಕದಲ್ಲಿ ಇಡೀ ಕಥೆಯ ಗಂಟು ಇದೇ.

2005ರಲ್ಲಿ ಕ್ಯಾಟಲನ್ ಸಂಸತ್ತು ಹೊಸ ಸ್ವಾಯತ್ತತಾ ಕಾಯ್ದೆಯನ್ನು ಬರೆಯಿತು. 135 ಸದಸ್ಯರಲ್ಲಿ 120 ಮಂದಿ ಪರ. ಅದನ್ನು ಮ್ಯಾಡ್ರಿಡ್‌ಗೆ ಕಳಿಸಿದರು. ಅಲ್ಲಿನ ಸಂಸತ್ತು ಅದನ್ನು ಸಾಕಷ್ಟು ಕತ್ತರಿಸಿತು. ಸಮಿತಿಯ ಮುಖ್ಯಸ್ಥರಾಗಿದ್ದ ಅಲ್ಫೋನ್ಸೋ ಗೆರ್ರಾ, ಬಡಗಿ ಮರ ಕೀಸಿದ ಹಾಗೆ ಕೀಸಿದ್ದೇವೆ ಅಂತ ಸಭೆಯಲ್ಲಿ ಹೇಳಿ ನಗಿಸಿದರು. ಕ್ಯಾಟಲನ್ನರು ಅದನ್ನು ಇವತ್ತಿಗೂ ಮರೆತಿಲ್ಲ. ಆದರೂ ಕೀಸಿ ಉಳಿದಿದ್ದನ್ನೇ 2006ರ ಜೂನ್‌ನಲ್ಲಿ ಜನರ ಮುಂದಿಟ್ಟರು. ಮತ ಹಾಕಿದವರಲ್ಲಿ ಶೇ. 74ರಷ್ಟು ಜನ ಒಪ್ಪಿದರು. (ಮತ ಹಾಕಿದವರು ಅರ್ಧಕ್ಕಿಂತ ಸ್ವಲ್ಪ ಕಡಿಮೆ, ಅದನ್ನೂ ಹೇಳಬೇಕು.) ರಾಜ ಸಹಿ ಹಾಕಿದ, ಕಾಯ್ದೆ ಜಾರಿಗೂ ಬಂತು.

ಆಗ ಸ್ಪೇನಿನ ಬಲಪಂಥೀಯ ಪಕ್ಷವಾದ ಪೀಪಲ್ಸ್ ಪಾರ್ಟಿ ಸಂವಿಧಾನ ಕೋರ್ಟಿಗೆ ಹೋಯಿತು. ಕೋರ್ಟು ನಾಲ್ಕು ವರ್ಷ ಕೂತು, 2010ರ ಜೂನ್‌ನಲ್ಲಿ 14 ಕಲಮುಗಳನ್ನು ಪೂರ್ತಿಯಾಗಿಯೋ ಭಾಗಶಃವೋ ಹೊಡೆದು ಹಾಕಿತು. ಪೀಠಿಕೆಯಲ್ಲಿ ಕ್ಯಾಟಲೋನಿಯಾವನ್ನು "ರಾಷ್ಟ್ರ" ಅಂದಿದ್ದಕ್ಕೆ ಕಾನೂನಿನ ಬೆಲೆ ಇಲ್ಲ ಅಂತಲೂ ಹೇಳಿತು.

ಒಮ್ಮೆ ಅವರ ಜಾಗದಲ್ಲಿ ನಿಂತು ನೋಡಿ. ನಿಮ್ಮ ಶಾಸಕರು ಬರೆದರು, ಕೇಂದ್ರ ತಿದ್ದಿತು, ನೀವೇ ಮತ ಹಾಕಿ ಒಪ್ಪಿದಿರಿ. ನಾಲ್ಕು ವರ್ಷ ಆದಮೇಲೆ ಒಂದು ಕೋರ್ಟು ಅದರಲ್ಲಿ ಕೆಲವು ಭಾಗ ನಡೆಯುವುದಿಲ್ಲ ಅನ್ನುತ್ತದೆ. ವಿಕ್ ಊರಿನ ಆ ಹುಡುಗ ನನಗೆ ಹೇಳಿದ್ದು: "ನಮ್ಮಪ್ಪ ಅಲ್ಲಿಯವರೆಗೆ ಪುಜೋಲ್ ಪಾರ್ಟಿ. ಆ ದಿನದಿಂದ ಇಂಡಿಪೆಂಡೆನ್ಸ್ ಪಾರ್ಟಿ." ತೀರ್ಪಿನ ಸಿಟ್ಟಿಗೆ ಜುಲೈ 10ರಂದು ಬಾರ್ಸಿಲೋನಾದ ಬೀದಿ ತುಂಬಿ ಹೋಯಿತು. ಮಜಾ ಏನೆಂದರೆ, ಮಾರನೆಯ ದಿನವೇ ಜೋಹಾನ್ಸ್‌ಬರ್ಗ್‌ನಲ್ಲಿ ಸ್ಪೇನ್ ಫುಟ್‌ಬಾಲ್ ವಿಶ್ವಕಪ್ ಗೆದ್ದಿತು. ತಂಡದ ತುಂಬಾ ಬಾರ್ಸಾ ಆಟಗಾರರು. ಶಾವಿ, ಪುಯೋಲ್ ಕ್ಯಾಟಲನ್ ಬಾವುಟ ಹಿಡಿದು ಮೈದಾನ ಸುತ್ತಿದರು. ಎರಡೂ ಭಾವನೆ ಒಂದೇ ವಾರಾಂತ್ಯದಲ್ಲಿ!

ಮೇಲಿಂದ ಆರ್ಥಿಕ ಕುಸಿತ ಬಂತು. 2013ರಲ್ಲಿ ಸ್ಪೇನಿನ ನಿರುದ್ಯೋಗ ಶೇ. 26 ದಾಟಿತ್ತು. ಕ್ಯಾಟಲನ್ ಅಧ್ಯಕ್ಷ ಆರ್ತುರ್ ಮಾಸ್ 2012ರಲ್ಲಿ ಪ್ರಧಾನಿ ರಾಹೋಯ್ ಹತ್ತಿರ ಹೋಗಿ, ಬಾಸ್ಕ್‌ನವರ ಥರ ನಮಗೂ ತೆರಿಗೆ ವಸೂಲಿ ಕೊಡಿ ಅಂತ ಕೇಳಿದರು. ಆಗುವುದಿಲ್ಲ ಅಂದರು. ಮತದಾನ ನಡೆಸಲು ಬಿಡಿ ಅಂದರು. ಅದೂ ಆಗುವುದಿಲ್ಲ.

ನಿಮ್ಮ ಸ್ಕಾಟ್ಲೆಂಡ್ ಪ್ರಶ್ನೆ ಇಲ್ಲಿಗೆ ಬರುತ್ತದೆ. ಅದೇ 2012ರ ಅಕ್ಟೋಬರ್‌ನಲ್ಲಿ ಬ್ರಿಟನ್ ಪ್ರಧಾನಿ ಕ್ಯಾಮರೂನ್ ಎಡಿನ್‌ಬರಾಕ್ಕೆ ಹೋಗಿ ಸ್ಕಾಟಿಷ್ ಸರ್ಕಾರದ ಮುಖ್ಯಸ್ಥ ಅಲೆಕ್ಸ್ ಸಾಮಂಡ್ ಜೊತೆ ಒಪ್ಪಂದಕ್ಕೆ ಸಹಿ ಹಾಕಿದರು. 2014ರಲ್ಲಿ 16 ವರ್ಷದವರೂ ಮತ ಹಾಕಿದರು. ಶೇ. 84.6 ಮತದಾನ, ಶೇ. 55.3 ಜನ ಬೇಡ ಅಂದರು. ಬ್ರಿಟನ್ನಿಗೆ ಒಂದೇ ಪುಸ್ತಕದಲ್ಲಿ ಬರೆದಿಟ್ಟ ಸಂವಿಧಾನ ಇಲ್ಲ. ಸಂಸತ್ತು ಮನಸ್ಸು ಮಾಡಿದರೆ ಮುಗಿಯಿತು. 1707ರಲ್ಲಿ ಎರಡು ರಾಜ್ಯಗಳು ಸೇರಿ ಒಂದಾಗಿದ್ದು ಅನ್ನುವುದನ್ನು ಲಂಡನ್ನೂ ಒಪ್ಪುತ್ತದೆ. ಸ್ಪೇನಿನ ಸಂವಿಧಾನದ ಎರಡನೇ ಕಲಮಿನಲ್ಲಿ ದೇಶದ ಐಕ್ಯತೆಯನ್ನು ಒಡೆಯಲಾಗದು ಅಂತ ಬರೆದಿದೆ. ಕ್ಯಾಮರೂನ್ ದೊಡ್ಡ ಮನಸ್ಸಿನವರು ಅಂತ ನಾನೇನೂ ಹೇಳುವುದಿಲ್ಲ. ಗೆಲ್ಲುತ್ತೇವೆ ಅನ್ನುವ ಧೈರ್ಯ ಇತ್ತು, ಬಿಟ್ಟರು. ಬ್ರೆಕ್ಸಿಟ್ ಆದಮೇಲೆ ಸ್ಕಾಟಿಷ್ ಸರ್ಕಾರ ಇನ್ನೊಮ್ಮೆ ಕೇಳಿದಾಗ ಲಂಡನ್ ಒಪ್ಪಲಿಲ್ಲ. ಲಂಡನ್ ಒಪ್ಪದೆ ಮತದಾನ ನಡೆಸುವ ಹಾಗಿಲ್ಲ ಅಂತ 2022ರಲ್ಲಿ ಬ್ರಿಟನ್ನಿನ ಸುಪ್ರೀಂ ಕೋರ್ಟೂ ಹೇಳಿತು.

ಈಗ 2017. ನಾನು ಕಣ್ಣಾರೆ ಕಂಡಿದ್ದು. ಮತದಾನ ಕಾನೂನುಬಾಹಿರ ಅಂತ ಕೋರ್ಟು ಹೇಳಿ ಆಗಿತ್ತು. ಕ್ಯಾಟಲನ್ ಸರ್ಕಾರ ನಡೆಸಿಯೇ ತೀರುತ್ತೇವೆ ಅಂದಿತು. ಮತಪೆಟ್ಟಿಗೆಗಳನ್ನು ಚೀನಾದಿಂದ ತರಿಸಿ, ಗಡಿಯಾಚೆ ಫ್ರಾನ್ಸಿನಲ್ಲಿ ಬಚ್ಚಿಟ್ಟು, ಸಾಮಾನ್ಯ ಜನ ಕಾರಿನ ಡಿಕ್ಕಿಯಲ್ಲಿ ಸಾಗಿಸಿದರು. ಪೊಲೀಸರಿಗೆ ಒಂದೂ ಮುಂಚಿತವಾಗಿ ಸಿಗಲಿಲ್ಲ. ಬೇರೆ ಕಡೆಯಿಂದ ಕರೆಸಿದ ಪೊಲೀಸರನ್ನು ಬಂದರಿನಲ್ಲಿ ಒಂದು ಹಡಗಿನಲ್ಲಿ ಇಳಿಸಿದರು. ಆ ಹಡಗಿನ ಮೈಮೇಲೆ ದೊಡ್ಡದಾಗಿ ಟ್ವೀಟಿ ಹಕ್ಕಿಯ ಕಾರ್ಟೂನ್! ಊರೆಲ್ಲ ನಕ್ಕಿತು. ನಗು ಅಕ್ಟೋಬರ್ 1ರ ಬೆಳಿಗ್ಗೆ ನಿಂತಿತು. ಮಳೆ ಬೀಳುತ್ತಿತ್ತು. ಶಾಲೆಗಳಲ್ಲಿ ರಾತ್ರಿಯಿಡೀ ಮಲಗಿ ಕಾವಲು ಕಾದಿದ್ದ ಜನರ ಮೇಲೆ ಲಾಠಿ ಬಿತ್ತು. ಸಾವಿರಕ್ಕೂ ಹೆಚ್ಚು ಜನ ಚಿಕಿತ್ಸೆ ಪಡೆದರು ಅಂತ ಕ್ಯಾಟಲನ್ ಆರೋಗ್ಯ ಇಲಾಖೆ ಲೆಕ್ಕ ಕೊಟ್ಟಿತು. ಶೇ. 43ರಷ್ಟು ಜನ ಮತ ಹಾಕಿದರು, ಅದರಲ್ಲಿ ಶೇ. 90 ಹೂಂ. ಬೇಡ ಅನ್ನುವವರಲ್ಲಿ ಹೆಚ್ಚಿನವರು ಮನೆಯಲ್ಲೇ ಉಳಿದರು.

ಮನೆಯಲ್ಲಿ ಉಳಿದವರಲ್ಲಿ ನನ್ನ ಮನೆ ಮಾಲಕಿಯೂ ಒಬ್ಬರು. ನಾನಿದ್ದದ್ದು ಬಾರ್ಸಿಲೋನಾಕ್ಕೆ ಅಂಟಿಕೊಂಡ ಲೊಸ್ಪಿತಾಲೆತ್‌ನಲ್ಲಿ. 1950-60ರ ದಶಕದಲ್ಲಿ ದಕ್ಷಿಣದ ಆಂಡಲೂಸಿಯಾ, ಮುರ್ಸಿಯಾದಿಂದ ಕೂಲಿಗೆ ಬಂದವರು ತುಂಬಿದ ಊರು ಅದು. ಈಕೆ ಹಾಯೆನ್ ಕಡೆಯಿಂದ ಹತ್ತು ವರ್ಷದ ಹುಡುಗಿಯಾಗಿ ಬಂದವರು. ಆ ಭಾನುವಾರ ಟಿವಿ ನೋಡುತ್ತಾ ಅತ್ತರು. ಪೊಲೀಸರಿಗೂ ಬೈದರು, ಕ್ಯಾಟಲನ್ ಸರ್ಕಾರಕ್ಕೂ ಬೈದರು. "ನನ್ನ ಮಕ್ಕಳು ಇಲ್ಲಿ ಹುಟ್ಟಿದವರು, ನಮ್ಮಪ್ಪನ ಗೋರಿ ಅಲ್ಲಿದೆ. ನಡುವೆ ನಾನು ಪಾಸ್‌ಪೋರ್ಟ್ ತೋರಿಸಬೇಕಾ?" ಅಂದರು. ಎರಡು ದಿನ ಬಿಟ್ಟು ರಾಜ ಆರನೇ ಫೆಲಿಪೆ ಟಿವಿಯಲ್ಲಿ ಮಾತಾಡಿದಾಗ ಬಾರ್ಸಿಲೋನಾದಲ್ಲಿ ಜನ ಬಾಲ್ಕನಿಗೆ ಬಂದು ಪಾತ್ರೆ ಬಡಿದರು. ನಮ್ಮ ಬೀದಿಯಲ್ಲಿ ಬಡಿದವರು ನಾಲ್ಕು ಮನೆಯವರು. ಎದುರಿಗೆ ಅಷ್ಟೇ ಸ್ಪೇನ್ ಬಾವುಟಗಳು ಬಂದವು.

ಹಾಗಂತ ವಲಸೆ ಬಂದವರೆಲ್ಲ ಒಂದು ಕಡೆ, ಮೂಲದವರೆಲ್ಲ ಇನ್ನೊಂದು ಕಡೆ ಅಂತ ಸುಮ್ನೆ ಗೆರೆ ಎಳೆಯಬೇಡಿ. ಸ್ವಾತಂತ್ರ್ಯ ಪಕ್ಷವಾದ ಇಆರ್‌ಸಿಯ ಪರ ಮ್ಯಾಡ್ರಿಡ್ ಸಂಸತ್ತಿನಲ್ಲಿ ಗಂಟಲು ಹರಿಯುವ ಹಾಗೆ ಮಾತಾಡುವ ಗಾಬ್ರಿಯೆಲ್ ರುಫಿಯಾನ್ ಆಂಡಲೂಸಿಯಾ ಮೂಲದ ಮನೆಯವರು. ಆದರೂ ಗೆರೆ ಪೂರ್ತಿ ಅಳಿಸಿಲ್ಲ. 2017ರ ಡಿಸೆಂಬರ್ ಚುನಾವಣೆಯಲ್ಲಿ ಸ್ವಾತಂತ್ರ್ಯದ ಪಕ್ಷಗಳು ಶೇ. 47.5 ಮತದಿಂದ ಹೆಚ್ಚು ಸೀಟು ಗೆದ್ದವು. ಆದರೆ ಅತಿ ದೊಡ್ಡ ಪಕ್ಷವಾಗಿ ಬಂದದ್ದು ಸ್ಪೇನ್ ಪರವಾದ ಸಿಯುದಾದಾನೋಸ್. ಆಗಲೇ ಕೆಲವರು ತಮಾಷೆಗೆ "ತಬಾರ್ನಿಯಾ" ಹುಟ್ಟುಹಾಕಿದರು. ಕ್ಯಾಟಲೋನಿಯಾ ಸ್ಪೇನ್ ಬಿಟ್ಟರೆ ತಾರಗೋನಾ, ಬಾರ್ಸಿಲೋನಾ ಸೇರಿ ಕ್ಯಾಟಲೋನಿಯಾವನ್ನು ಬಿಡುತ್ತವೆ ಅಂತ. ಅವರದೇ ವಾದ, ಅವರಿಗೇ ತಿರುಗಿಸಿದ್ದು. ನನ್ನ ವಿಕ್ ಗೆಳೆಯನಿಗೆ ಮಾತ್ರ ಒಂಚೂರೂ ನಗು ಬರಲಿಲ್ಲ.

ಯುರೋಪಿಯನ್ ಒಕ್ಕೂಟ ಯಾಕೆ ಸುಮ್ಮನಿತ್ತು ಅಂತ ಕೇಳಬಹುದು. ಅದು ದೇಶಗಳ ಕೂಟ, ಸದಸ್ಯ ದೇಶದ ಒಳಜಗಳಕ್ಕೆ ಕೈ ಹಾಕುವುದಿಲ್ಲ. ಅದರ 24 ಅಧಿಕೃತ ಭಾಷೆಗಳಲ್ಲಿ ಐದು ಲಕ್ಷದಷ್ಟು ಜನರ ಮಾಲ್ಟೀಸ್ ಇದೆ, ಅದಕ್ಕಿಂತ ಎಷ್ಟೋ ಪಟ್ಟು ಜನರಾಡುವ ಕ್ಯಾಟಲನ್ ಇಲ್ಲ. ಮಾಲ್ಟಾ ದೇಶ, ಕ್ಯಾಟಲೋನಿಯಾ ಅಲ್ಲ, ಅಷ್ಟೇ. ನನಗೆ ಎರಡು ವರ್ಷ ಅರ್ಥವಾಗದೆ ಇದ್ದದ್ದು ಇದೇ.

ಆಮೇಲಿನದು ನಿಮಗೆ ಗೊತ್ತಿರಬಹುದು. ಅಕ್ಟೋಬರ್ 27ರಂದು ಸ್ವಾತಂತ್ರ್ಯ ಘೋಷಣೆ, ಯಾವ ದೇಶವೂ ಒಪ್ಪಲಿಲ್ಲ. ಮ್ಯಾಡ್ರಿಡ್ ಸಂವಿಧಾನದ 155ನೇ ಕಲಮು ಬಳಸಿ ಕ್ಯಾಟಲನ್ ಸರ್ಕಾರವನ್ನು ವಜಾ ಮಾಡಿತು. ಅದರ ಅಧ್ಯಕ್ಷರಾಗಿದ್ದ ಪುಜ್ದೆಮೊನ್ ಬೆಲ್ಜಿಯಂಗೆ ಹೋದರು. 2019ರಲ್ಲಿ ಒಂಬತ್ತು ಮುಖಂಡರಿಗೆ 9ರಿಂದ 13 ವರ್ಷ ಜೈಲು, 2021ರಲ್ಲಿ ಕ್ಷಮೆ, 2024ರಲ್ಲಿ ಸಾಮೂಹಿಕ ಕ್ಷಮಾದಾನದ ಕಾಯ್ದೆ.

ಸದ್ಯಕ್ಕೆ ಬೇರೆಯಾಗುತ್ತಾರೆ ಅಂತ ನನಗೆ ಅನ್ನಿಸುವುದಿಲ್ಲ. 2024ರ ಮೇ ಚುನಾವಣೆಯಲ್ಲಿ ಸ್ವಾತಂತ್ರ್ಯ ಪಕ್ಷಗಳು ಬಹುಮತ ಕಳೆದುಕೊಂಡವು. ಸಮಾಜವಾದಿ ಪಕ್ಷದ ಸಾಲ್ವದೋರ್ ಇಯ್ಯಾ ಅಧ್ಯಕ್ಷರಾದರು. ಅದಕ್ಕೆ ಇಆರ್‌ಸಿಯೇ ಬೆಂಬಲ ಕೊಟ್ಟಿತು. ಬದಲಿಗೆ ಅವರು ಬರೆಸಿಕೊಂಡ ಷರತ್ತು ಏನು ಗೊತ್ತಾ? ಕ್ಯಾಟಲೋನಿಯಾದ ತೆರಿಗೆಯನ್ನು ಕ್ಯಾಟಲೋನಿಯಾವೇ ವಸೂಲಿ ಮಾಡಬೇಕು ಅಂತ. 2012ರಲ್ಲಿ ಆರ್ತುರ್ ಮಾಸ್ ಕೇಳಿ ಬರಿಗೈಲಿ ವಾಪಸ್ ಬಂದಿದ್ದರಲ್ಲ, ಹೆಚ್ಚು ಕಡಿಮೆ ಅದೇ.