ಮನೆಯ ಲ್ಯಾಪ್‌ಟಾಪ್‌ನಲ್ಲಿ ದಾಸರ ಪದ ರೆಕಾರ್ಡ್ ಮಾಡಲು ಯಾವ ಸಾಫ್ಟ್‌ವೇರ್ ಬೇಕು? ಆಟೋಟ್ಯೂನ್ ಹಾಕಲೇಬೇಕಾ?

ನೀವು ಹೇಳಿರುವ ಪ್ರಕಾರ, ಕೆಲವು ವರ್ಷ ಕರ್ನಾಟಕ ಸಂಗೀತ ಕಲಿತಿದ್ದೀರಿ. ಐದೂವರೆ ಶ್ರುತಿಯಲ್ಲಿ, ಅಂದರೆ ಷಡ್ಜವನ್ನು (ಸ) ಪಿಯಾನೋದ ಜಿ-ಶಾರ್ಪ್‌ನಲ್ಲಿ ಇಟ್ಟು, ಹಾಡುತ್ತೀರಿ. ಮನೆಯಲ್ಲಿ ಒಂದು ಹಳೆಯ ವಿಂಡೋಸ್ ಲ್ಯಾಪ್‌ಟಾಪ್ ಇದೆ. ತಂಬೂರಿ, ಮೃದಂಗದ ಜೊತೆ ದಾಸರ ಪದಗಳನ್ನು ರೆಕಾರ್ಡ್ ಮಾಡಬೇಕು. ಯಾವ ಸಾಫ್ಟ್‌ವೇರ್, ಆಟೋಟ್ಯೂನ್ (ಹಾಡಿದ ದನಿಯ ಸ್ವರ ತಿದ್ದುವ ಸಾಫ್ಟ್‌ವೇರ್) ಇಲ್ಲದೆ ಆಗುತ್ತದಾ, ಇಷ್ಟು ನಿಮ್ಮ ಪ್ರಶ್ನೆ. ನಾನು ಮನೆಯಲ್ಲೇ ದೇವರನಾಮ, ವೀಣೆ ರೆಕಾರ್ಡ್ ಮಾಡಿಕೊಂಡು ಬಂದವನು. ಹಾಗಾಗಿ ಸ್ವಲ್ಪ ಉದ್ದವಾಗಿಯೇ ಬರೆಯುತ್ತೇನೆ.

ಹೆಸರು ಮೊದಲು ಹೇಳಿಬಿಡುತ್ತೇನೆ: ರೀಪರ್. ಹಾಡು ಕೇಳಿಸುವ ವಿನ್‌ಆಂಪ್ ಸಾಫ್ಟ್‌ವೇರ್ ಬರೆದ ಜಸ್ಟಿನ್ ಫ್ರಾಂಕೆಲ್ ಅವರೇ ಇದನ್ನೂ ಶುರು ಮಾಡಿದ್ದು. ತುಂಬಾ ಹಗುರವಾದ ಸಾಫ್ಟ್‌ವೇರ್, ಹಳೆಯ ಲ್ಯಾಪ್‌ಟಾಪ್ ಕೂಡ ತಡೆದುಕೊಳ್ಳುತ್ತದೆ. 60 ದಿನ ಎಲ್ಲ ಸೌಲಭ್ಯದ ಜೊತೆ ಬಳಸಿ ನೋಡಬಹುದು, ಆಮೇಲೆ ಸ್ವಂತಕ್ಕೆ ಬಳಸುವವರಿಗೆ 60 ಡಾಲರ್. ದುಡ್ಡು ಹಾಕುವುದೇ ಬೇಡ ಅಂದರೆ ಆಡಾಸಿಟಿ ಇದೆ. 2000ನೇ ಇಸವಿಯಿಂದ ಉಚಿತವಾಗಿ ಸಿಗುತ್ತಿದೆ. ಒಂದೇ ದನಿಯನ್ನು ಹಿಡಿದು, ಕತ್ತರಿಸಿ, ಹಿನ್ನೆಲೆಯ ಸದ್ದು ಅಳಿಸಲು ಅದು ಚೆನ್ನಾಗಿದೆ. ಆದರೆ ತಂಬೂರಿ, ದನಿ, ಮೃದಂಗ, ಕೊಳಲು ಅಂತ ಪದರ ಪದರವಾಗಿ ಕಟ್ಟುವಾಗ ರೀಪರ್ ಸಲೀಸು. ಆಪಲ್ ಕಂಪ್ಯೂಟರ್ ಇರುವವರಿಗೆ ಗ್ಯಾರೇಜ್‌ಬ್ಯಾಂಡ್ ಉಚಿತವಾಗಿ ಸಿಗುತ್ತದೆ, ಅದೂ ಸಾಕು. ಯಾವುದನ್ನು ಆರಿಸಿದರೂ ದನಿಯ ಗುಣದಲ್ಲಿ ವ್ಯತ್ಯಾಸ ಬರುವುದಿಲ್ಲ. ಅದಕ್ಕೇ ಈ ಆಯ್ಕೆಗೆ ಜಾಸ್ತಿ ಸಮಯ ಕೊಡಬೇಡಿ ಅಂತೀನಿ.

ಸಮಯ ಕೊಡಬೇಕಾದ ಜಾಗ ಬೇರೆ. ಈ ಸಾಫ್ಟ್‌ವೇರ್‌ಗಳನ್ನೆಲ್ಲ ಕಟ್ಟಿದವರ ಮನಸ್ಸಿನಲ್ಲಿ ಇದ್ದದ್ದು ನಮ್ಮ ಸಂಗೀತ ಅಲ್ಲ. ಹೊಸ ಫೈಲ್ ತೆರೆದು ನೋಡಿ. ನಿಮಿಷಕ್ಕೆ 120 ಏಟು, ನಾಲ್ಕರ ಲೆಕ್ಕ, ಪಿಯಾನೋದ ಹನ್ನೆರಡು ಸಮಾನ ಸ್ವರಗಳು. ಎಲ್ಲ ಮೊದಲೇ ತುಂಬಿಕೊಂಡು ಕೂತಿರುತ್ತದೆ. ಒಂದೂ ನಿಮ್ಮ ಪದಕ್ಕೆ ಸಂಬಂಧಪಟ್ಟಿದ್ದಲ್ಲ. ನೀವು ಸುಮ್ನೆ ಇದ್ದರೆ ಹಾಡು ನಿಧಾನವಾಗಿ ಆ ಅಳತೆಗೆ ಬಗ್ಗಿಬಿಡುತ್ತದೆ. ಮನೆಯಲ್ಲಿ ಮಾಡಿದ ಎಷ್ಟೋ ದೇವರನಾಮದ ರೆಕಾರ್ಡಿಂಗ್‌ಗಳು ಜೀವ ಇಲ್ಲದ ಹಾಗೆ ಕೇಳಿಸುವುದು ಮೈಕಿನಿಂದಲ್ಲ, ಇದರಿಂದ.

ಆದ್ದರಿಂದ ಮೊದಲು ಶ್ರುತಿ. ಹಾಡುವ ಮೊದಲೇ ತಂಬೂರಿಯನ್ನು ಒಂದು ಟ್ರ್ಯಾಕಿನಲ್ಲಿ ಹಾಕಿ, ಹಾಡು ಮುಗಿಯುವವರೆಗೂ ಸಾಲುವಷ್ಟು. ನಿಜವಾದ ತಂಬೂರಿ ಇದ್ದರೆ ಅದನ್ನೇ ಮೀಟಿ ರೆಕಾರ್ಡ್ ಮಾಡಿ. ಇಲ್ಲದಿದ್ದರೆ ಎಲೆಕ್ಟ್ರಾನಿಕ್ ತಂಬೂರಿಯಿಂದ ಕೇಬಲ್ ಎಳೆದು ನೇರವಾಗಿ ಹಿಡಿಯಿರಿ, ಅದರ ಸ್ಪೀಕರಿನ ಮುಂದೆ ಮೈಕ್ ಇಡುವುದು ಬೇಡ. ಕೊಳಲು, ಹಾರ್ಮೋನಿಯಂ ಬರುವುದಿದ್ದರೆ ಆ ವಾದ್ಯದ ಷಡ್ಜಕ್ಕೆ ತಂಬೂರಿಯನ್ನು ಮೊದಲು ಕೂರಿಸಿ. ಹಾರ್ಮೋನಿಯಂ ಶ್ರುತಿ ಬದಲಾಯಿಸಲು ಆಗಲ್ಲ, ತಂಬೂರಿಯದು ಆಗುತ್ತದೆ.

ಈಗ ಆಟೋಟ್ಯೂನ್. ಇದು 1997ರಲ್ಲಿ ಬಂದದ್ದು. ಮಾಡಿದ ಆಂಡಿ ಹಿಲ್ಡೆಬ್ರಾಂಡ್ ಅದಕ್ಕೂ ಮೊದಲು ತೈಲ ಹುಡುಕುವವರಿಗಾಗಿ ನೆಲದೊಳಗಿಂದ ಮರಳಿ ಬರುವ ಅಲೆಗಳನ್ನು ಲೆಕ್ಕ ಹಾಕುವ ಕೆಲಸದಲ್ಲಿ ಇದ್ದವರು. ಅದೇ ಬಗೆಯ ಗಣಿತ ಹಾಡುವ ದನಿಯ ಸ್ವರ ಕಂಡುಹಿಡಿಯಲೂ ಒದಗಿತು. ಒಳ್ಳೆಯ ಬುದ್ಧಿವಂತಿಕೆಯ ಕೆಲಸ, ಅದರಲ್ಲಿ ಅನುಮಾನ ಇಲ್ಲ. ಆದರೆ ಅದು ಮಾಡುವುದು ಇಷ್ಟೇ: ನಿಮ್ಮ ದನಿ ಈ ಕ್ಷಣ ಎಲ್ಲಿದೆ ಅಂತ ನೋಡಿ, ಹತ್ತಿರದ ಸ್ವರಸ್ಥಾನಕ್ಕೆ ಎಳೆಯುತ್ತದೆ.

ನಿಮ್ಮ ಶ್ರುತಿಯನ್ನೇ ತೆಗೆದುಕೊಂಡು ನೋಡೋಣ. ಐದೂವರೆಯ ಷಡ್ಜ ಸುಮಾರು 207.7 ಹರ್ಟ್ಸ್. ತಂಬೂರಿಯಲ್ಲಿ ಷಡ್ಜದ ತಂತಿ ಮೀಟಿದಾಗ ತಾನಾಗಿಯೇ ಹೊಮ್ಮುವ ಗಾಂಧಾರ ಇದೆಯಲ್ಲ, ಅದು ಷಡ್ಜದ ಐದು ಪಟ್ಟು. ಅದನ್ನು ಎರಡು ಸ್ಥಾಯಿ ಕೆಳಗಿಳಿಸಿದರೆ ಸುಮಾರು 259.6 ಹರ್ಟ್ಸ್. ಕಲ್ಯಾಣಿಯಲ್ಲೋ ಮೋಹನದಲ್ಲೋ ಅಂತರ ಗಾಂಧಾರದ ಮೇಲೆ ನಿಂತಾಗ ನಿಮ್ಮ ಕಿವಿ ನಿಮ್ಮನ್ನು ಇಲ್ಲಿಗೇ ಕರೆದುಕೊಂಡು ಹೋಗುತ್ತದೆ. ಪಿಯಾನೋದ ಲೆಕ್ಕದಲ್ಲಿ ಅದೇ ಸ್ವರ 261.6. ವ್ಯತ್ಯಾಸ ಎರಡೇ ಹರ್ಟ್ಸ್, ಸೆಂಟ್ಸ್ (ಒಂದು ಸ್ವರಸ್ಥಾನದ ನೂರನೇ ಒಂದು ಭಾಗ) ಲೆಕ್ಕದಲ್ಲಿ ಸುಮಾರು 14. ಆಟೋಟ್ಯೂನ್ ನಿಮ್ಮನ್ನು ಈ ಎರಡು ಹರ್ಟ್ಸ್ ಮೇಲಕ್ಕೆ ತಳ್ಳುತ್ತದೆ. ಕೆಳಗೆ ತಂಬೂರಿ ತನ್ನ ಗಾಂಧಾರವನ್ನೇ ಹೇಳುತ್ತಿರುತ್ತದೆ. ಎರಡೂ ಉಜ್ಜಿಕೊಂಡು ದನಿಯಲ್ಲಿ ಒಂದು ನಡುಕ ಕೇಳಿಸುತ್ತದೆ. ಸರಿಯಾಗಿ ಹಾಡಿದ್ದನ್ನು ತಪ್ಪು ಮಾಡಿದ ಹಾಗಾಯಿತು, ಅಲ್ವಾ?

ಗಮಕದ, ಅಂದರೆ ಸ್ವರವನ್ನು ತೂಗಿ ಹಾಡುವುದರ, ಪಾಡು ಇನ್ನೂ ಕಷ್ಟ. ತೋಡಿಯ ಗಾಂಧಾರ ಒಂದು ಕಡೆ ನಿಲ್ಲುವ ಸ್ವರವೇ ಅಲ್ಲ, ಅದು ತೂಗುತ್ತಲೇ ಇರಬೇಕು. ಆಟೋಟ್ಯೂನ್‌ಗೆ ಅದು ಸ್ವರ ತಪ್ಪಿ ಅಲೆದಾಡುವ ದನಿಯಾಗಿ ಕಾಣುತ್ತದೆ. ವೇಗವಾಗಿ ಎಳೆಯುವಂತೆ ಇಟ್ಟರೆ ಆ ತೂಗಾಟ ಮೆಟ್ಟಿಲು ಮೆಟ್ಟಿಲಾಗಿ ಒಡೆಯುತ್ತದೆ. ನಿಧಾನಕ್ಕೆ ಇಟ್ಟರೂ ಅಂಚುಗಳು ಸವೆಯುತ್ತವೆ. ಒಂದೇ ಒಂದು ಕಡೆ ಉದ್ದನೆಯ ಷಡ್ಜ ಸ್ವಲ್ಪ ಇಳಿದಿದ್ದು, ಉಳಿದದ್ದೆಲ್ಲ ಚೆನ್ನಾಗಿ ಬಂದಿದೆ ಅಂದುಕೊಳ್ಳಿ. ಆಗ ಆ ಒಂದು ತುಣುಕನ್ನು ಮಾತ್ರ ಕತ್ತರಿಸಿ, ಕಿವಿಯಿಂದ ಕೇಳುತ್ತಾ, ಕೆಲವೇ ಸೆಂಟ್ಸ್ ಏರಿಸಬಹುದು. ರೀಪರ್‌ನಲ್ಲೇ ಅದಕ್ಕೆ ದಾರಿ ಇದೆ. ಇಡೀ ಹಾಡಿಗೆ ಹಾಕುವುದನ್ನು ನಾನಂತೂ ಒಪ್ಪುವುದಿಲ್ಲ. ಮತ್ತೊಮ್ಮೆ ಹಾಡಿ. ಮನೆಯ ರೆಕಾರ್ಡಿಂಗ್‌ನ ದೊಡ್ಡ ಸುಖವೇ ಅದು, ಗಂಟೆಗಿಷ್ಟು ಅಂತ ಯಾರಿಗೂ ಬಾಡಿಗೆ ಕೊಡಬೇಕಿಲ್ಲ.

ತಾಳದ ವಿಷಯ. ಆದಿತಾಳಕ್ಕೆ ನಾಲ್ಕರ ಲೆಕ್ಕ ಹೊಂದುತ್ತದೆ, ನಾಲ್ಕು ಏಟಿನ ಎರಡು ಮನೆ ಸೇರಿದರೆ ಒಂದು ಆವರ್ತ, ಅಂದರೆ ತಾಳದ ಒಂದು ಸುತ್ತು. ಮಿಶ್ರಛಾಪು ಆದರೆ ಏಳು, ಖಂಡಛಾಪು ಆದರೆ ಐದು ಅಂತ ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಬದಲಾಯಿಸಿಕೊಳ್ಳಿ. ರೀಪರ್‌ನ ಮೆಟ್ರೊನೋಮ್‌ಗೆ ಯಾವ ಏಟು ಜೋರು, ಯಾವುದು ಮೆಲ್ಲಗೆ ಅಂತಲೂ ಹೇಳಿಕೊಡಬಹುದು. ತಕಿಟ ತಕಧಿಮಿಯಲ್ಲಿ ಮೊದಲನೆಯದನ್ನೂ ನಾಲ್ಕನೆಯದನ್ನೂ ಜೋರು ಮಾಡಿಕೊಂಡರೆ ಛಾಪಿನ ನಡಿಗೆ ಬಂತು. ಶುರುವಿನಲ್ಲಿ ಎರಡು ಆವರ್ತ ಖಾಲಿ ಬಿಡಿ. ಪದದ ಎಡುಪು (ಹಾಡು ಶುರುವಾಗುವ ಜಾಗ) ಸಮದಲ್ಲಿ, ಅಂದರೆ ತಾಳದ ಮೊದಲ ಏಟಿನಲ್ಲಿ, ಇಲ್ಲದಿದ್ದರೆ ಇದು ಬೇಕೇ ಬೇಕು.

ಇಷ್ಟು ಹೇಳಿದರೂ, ಟಿಕ್ ಟಿಕ್ ಕೇಳಿಕೊಂಡು ಭಾವ ತುಂಬಿ ಹಾಡುವುದು ಎಲ್ಲರಿಗೂ ಆಗಲ್ಲ. ನನಗೆ ಹಿಡಿಸಿದ ದಾರಿ ಇನ್ನೊಂದು. ತಂಬೂರಿ ಮಾತ್ರ ಕೇಳುತ್ತಾ, ಕೈಯಲ್ಲಿ ಸದ್ದಾಗುವಂತೆ ತಾಳ ಹಾಕುತ್ತಾ, ಇಡೀ ಪದವನ್ನು ಒಮ್ಮೆ ಹಾಡಿ ರೆಕಾರ್ಡ್ ಮಾಡಿ. ಇದು ಯಾರಿಗೂ ಕೇಳಿಸಲು ಅಲ್ಲ, ಬರೀ ಗೈಡ್. ಚರಣದಲ್ಲಿ ನೀವು ಸಹಜವಾಗಿ ಎಲ್ಲಿ ತುಸು ಹಿಂದೆ ಹಿಡಿಯುತ್ತೀರೋ ಅದು ಇದರಲ್ಲಿ ಉಳಿಯುತ್ತದೆ. ಮೃದಂಗದವರಿಗೆ ಈ ಗೈಡ್ ಕಳಿಸಿದರೆ ಅವರು ನಿಮ್ಮ ನಡಿಗೆಗೆ ನುಡಿಸುತ್ತಾರೆ. ಆಮೇಲೆ ಅವರ ಮೃದಂಗ ಕೇಳಿಕೊಂಡು ನಿಮ್ಮ ನಿಜವಾದ ದನಿ ಹಾಡಿ, ಗೈಡ್ ತೆಗೆದುಬಿಡಿ. ಕಂಪ್ಯೂಟರ್‌ನಲ್ಲಿ ಸಿಗುವ ಮೃದಂಗದ ಲೂಪ್ ಹಾಕಿದರೆ ಅದು ಮೊದಲ ಆವರ್ತದಲ್ಲಿ ನುಡಿಸಿದ್ದನ್ನೇ ಕೊನೆಯವರೆಗೂ ನುಡಿಸುತ್ತದೆ, ಸಾಹಿತ್ಯ ಕೇಳಿಸಿಕೊಳ್ಳುವುದಿಲ್ಲ. ಪರಿಚಯದ ಮೃದಂಗ ವಿದ್ಯಾರ್ಥಿ ಒಬ್ಬರು ಸಿಕ್ಕರೂ ಅದಕ್ಕಿಂತ ಎಷ್ಟೋ ಮೇಲು.

ಫೈಲ್ ಕಳಿಸುವಾಗ ಒಂದು ಎಚ್ಚರ. ಇಬ್ಬರೂ 48 ಕಿಲೋಹರ್ಟ್ಸ್, 24 ಬಿಟ್, ವೇವ್ ಫೈಲ್ ಅಂತ ಮೊದಲೇ ಮಾತಾಡಿಕೊಳ್ಳಿ, ಎಂಪಿ3 ಬೇಡ. 44.1ರಲ್ಲಿ ಮಾಡಿದ ಫೈಲ್ ಎಲ್ಲಾದರೂ 48 ಅಂತ ತಪ್ಪಾಗಿ ಓಡಿದರೆ ವೇಗವೂ ಏರುತ್ತದೆ, ಶ್ರುತಿಯೂ ಸುಮಾರು ಒಂದೂವರೆ ಸ್ವರಸ್ಥಾನ ಮೇಲೆ ಹೋಗುತ್ತದೆ. ಇಬ್ಬರ ಫೈಲೂ ಸೊನ್ನೆ ಸೆಕೆಂಡಿನಿಂದಲೇ ಶುರುವಾಗಲಿ. ಆಗ ಜೋಡಿಸುವ ಕೆಲಸವೇ ಇರುವುದಿಲ್ಲ.

ಇನ್ನು ಸಾಮಾನು. ಲ್ಯಾಪ್‌ಟಾಪ್‌ನ ಮೈಕ್ ತೂತಿಗೆ ಏನನ್ನೂ ಚುಚ್ಚಬೇಡಿ. ಒಂದು ಸಣ್ಣ ಯುಎಸ್‌ಬಿ ಆಡಿಯೊ ಇಂಟರ್‌ಫೇಸ್ (ಮೈಕಿನ ದನಿಯನ್ನು ಕಂಪ್ಯೂಟರ್‌ಗೆ ಕಳಿಸುವ ಪೆಟ್ಟಿಗೆ), ಒಂದು ಮೈಕ್, ಕಿವಿ ಪೂರ್ತಿ ಮುಚ್ಚುವ ತಂತಿಯ ಹೆಡ್‌ಫೋನ್, ಇಷ್ಟು ಸಾಕು. ಬ್ಲೂಟೂತ್ ಹೆಡ್‌ಫೋನ್ ಈ ಕೆಲಸಕ್ಕೆ ಆಗುವುದೇ ಇಲ್ಲ, ದನಿ ತಡವಾಗಿ ಬರುತ್ತದೆ, ತಾಳ ಕೆಡುತ್ತದೆ. ಮನೆ ರಸ್ತೆ ಪಕ್ಕ ಇದ್ದರೆ ಸುತ್ತಲಿನ ಸದ್ದನ್ನು ಅಷ್ಟಾಗಿ ಹಿಡಿಯದ ಡೈನಾಮಿಕ್ ಮೈಕ್ ತಗೊಳ್ಳಿ. ಮನೆ ಶಾಂತವಾಗಿದ್ದರೆ ಕಂಡೆನ್ಸರ್, ಮೆಲ್ಲಗಿನ ಗಮಕದ ಎಳೆಗಳನ್ನು ಅದು ಚೆನ್ನಾಗಿ ಹಿಡಿಯುತ್ತದೆ. ಅದಕ್ಕೆ ಇಂಟರ್‌ಫೇಸ್‌ನಲ್ಲಿ 48 ವೋಲ್ಟ್ ಗುಂಡಿ ಒತ್ತಬೇಕು. ಹೆಡ್‌ಫೋನ್‌ನಲ್ಲಿ ನಿಮ್ಮ ದನಿ ತಡವಾಗಿ ಕೇಳಿಸಿದರೆ ಇಂಟರ್‌ಫೇಸ್‌ನ ಡೈರೆಕ್ಟ್ ಮಾನಿಟರ್ (ದನಿ ಕಂಪ್ಯೂಟರ್ ಸುತ್ತದೆ ನೇರ ಕಿವಿಗೆ ಬರುವ ಸೌಲಭ್ಯ) ಹಾಕಿಕೊಳ್ಳಿ. ಕಂಪ್ಯೂಟರ್ ದಾರಿಯಲ್ಲೇ ಕೇಳಬೇಕೆಂದರೆ ಆಸಿಯೊ ಡ್ರೈವರ್ (ದನಿಯ ತಡ ಕಡಿಮೆ ಮಾಡುವ ಸಾಫ್ಟ್‌ವೇರ್) ಹಾಕಿ, ಬಫರ್, ಅಂದರೆ ಕಂಪ್ಯೂಟರ್ ಒಮ್ಮೆಗೆ ಕೂಡಿಟ್ಟುಕೊಳ್ಳುವ ದನಿಯ ತುಣುಕನ್ನು, 128 ಅಥವಾ 256 ಸ್ಯಾಂಪಲ್‌ಗೆ ಇಳಿಸಿ. 48 ಕಿಲೋಹರ್ಟ್ಸ್‌ನಲ್ಲಿ 256 ಅಂದರೆ ಒಂದು ದಿಕ್ಕಿಗೆ ಸುಮಾರು 5 ಮಿಲಿಸೆಕೆಂಡ್ ಮಾತ್ರ.

ಮೈಕಿಗಿಂತ ಕೋಣೆ ಮುಖ್ಯ. ನಮ್ಮ ಸಿಮೆಂಟ್ ಗೋಡೆ, ಗ್ರಾನೈಟ್ ನೆಲದ ಹಾಲ್‌ನಲ್ಲಿ ಹಾಡಿದರೆ ಗುಂಯ್ ಅನ್ನುತ್ತದೆ, ಆಮೇಲೆ ಯಾವ ಸಾಫ್ಟ್‌ವೇರ್ ಬಳಸಿದರೂ ಅದು ಪೂರ್ತಿ ಹೋಗುವುದಿಲ್ಲ. ಮಲಗುವ ಕೋಣೆ ಆರಿಸಿ. ಹಾಸಿಗೆ ಇರಲಿ, ನೆಲಕ್ಕೆ ಜಮಖಾನ ಹಾಸಿ, ಬಟ್ಟೆ ತುಂಬಿದ ಬೀರುವಿನ ಬಾಗಿಲು ತೆರೆದು ಅದಕ್ಕೆ ಬೆನ್ನು ಮಾಡಿ ಕೂತು ಹಾಡಿ. ಫ್ಯಾನ್ ಆರಿಸಿ. ಕಾರ್ಡಿಯಾಯ್ಡ್ ಮೈಕಿಗೆ ಹಿಂಭಾಗದಿಂದ ಬರುವ ಸದ್ದು ಕಡಿಮೆ ಕೇಳಿಸುತ್ತದೆ, ಆದ್ದರಿಂದ ಮೈಕಿನ ಬೆನ್ನು ಕಿಟಕಿಯ ಕಡೆಗೆ ಇರಲಿ. ಹಿನ್ನೆಲೆಯಲ್ಲಿ ಕೊಂಯ್ ಅನ್ನುವ ಸದ್ದು ಬಂದರೆ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ, ಎಷ್ಟೋ ಸಲ ಅಲ್ಲಿಗೇ ನಿಲ್ಲುತ್ತದೆ.

ರೆಕಾರ್ಡಿಂಗ್‌ನ ಮಟ್ಟ (ಲೆವೆಲ್) ಇಡುವಾಗ ಪಲ್ಲವಿ ಹಾಡಿ ನೋಡಬೇಡಿ. ಪದದಲ್ಲಿ ಅತಿ ಮೇಲೆ ಹೋಗುವ ಜಾಗ, ಬಹುಶಃ ಅನುಪಲ್ಲವಿಯ ತಾರಸ್ಥಾಯಿ, ಅದನ್ನು ಪೂರ್ತಿ ದನಿಯಲ್ಲಿ ಹಾಡಿ ಸೂಚಿ ಮೈನಸ್ 12 ಡೆಸಿಬಲ್ ಹತ್ತಿರ ಬರುವಂತೆ ಇಟ್ಟುಕೊಳ್ಳಿ. 24 ಬಿಟ್‌ನಲ್ಲಿ ಇಷ್ಟು ಜಾಗ ಬಿಟ್ಟರೆ ಏನೂ ನಷ್ಟವಿಲ್ಲ. ಸೊನ್ನೆ ದಾಟಿ ಒಡೆದ ದನಿಯನ್ನು ಮಾತ್ರ ಸರಿಪಡಿಸುವುದು ತುಂಬಾ ಕಷ್ಟ.

ಕೊನೆಯ ಹೊಂದಾಣಿಕೆಗೆ ಮೂರು ಕೆಲಸ ಸಾಕು. ಈಕ್ಯೂ (ತಗ್ಗು, ಎತ್ತರದ ಸದ್ದುಗಳನ್ನು ಬೇರೆ ಬೇರೆಯಾಗಿ ಏರಿಳಿಸುವ ಸಾಧನ) ಹಾಕಿ ದನಿಯ ತಳದ ಗದ್ದಲ ತೆಗೆಯಿರಿ. ನಿಮ್ಮ ಮಂದ್ರ ಪಂಚಮ ಸುಮಾರು 156 ಹರ್ಟ್ಸ್, ಆದ್ದರಿಂದ 100ರ ಕೆಳಗೆ ಕತ್ತರಿಸಿದರೆ ಭಯವಿಲ್ಲ. ಒಂದೂವರೆ ಶ್ರುತಿಯ ಗಂಡು ದನಿಗೆ ಮಂದ್ರ ಪಂಚಮವೇ 104ರ ಹತ್ತಿರ, ಅಲ್ಲಿ 80ಕ್ಕೆ ನಿಲ್ಲಿಸಬೇಕು. ಜೋರು, ಮೆಲ್ಲಗಿನ ದನಿಗಳ ಅಂತರ ತಗ್ಗಿಸುವ ಕಂಪ್ರೆಸರ್ ತುಂಬಾ ಮೃದುವಾಗಿರಲಿ, ಮೆಲ್ಲಗೆ ಹಾಡಿದ್ದು ಮೆಲ್ಲಗೇ ಕೇಳಲಿ. ರಿವರ್ಬ್ (ದೊಡ್ಡ ಕೋಣೆಯಲ್ಲಿ ಹಾಡಿದಂಥ ಅನುರಣನ) ಹಾಕುತ್ತಾ ಹೋಗಿ, ಇದೆ ಅಂತ ಗೊತ್ತಾದ ಕೂಡಲೇ ಸ್ವಲ್ಪ ಹಿಂದೆ ಬನ್ನಿ. ದಾಸರ ಪದದಲ್ಲಿ ಮಾತು ಸ್ಪಷ್ಟವಾಗಿ ಕೇಳಬೇಕು, ರಿವರ್ಬ್ ಜಾಸ್ತಿಯಾದರೆ ಒತ್ತಕ್ಷರಗಳೇ ಮೊದಲು ಮುಳುಗುವುದು. ತಂಬೂರಿಯನ್ನು ಮಾತ್ರ ತೀರಾ ಕೆಳಗೆ ತಳ್ಳಬೇಡಿ. ಯೂಟ್ಯೂಬ್‌ಗೆ ಹಾಕುವುದಾದರೆ ಒಟ್ಟು ಗಟ್ಟಿತನ ಮೈನಸ್ 14 ಎಲ್‌ಯುಎಫ್‌ಎಸ್ (ಗಟ್ಟಿತನ ಅಳೆಯುವ ಮಾನ) ಸುತ್ತಮುತ್ತ ಇದ್ದರೆ ಸಾಕು. ಅದಕ್ಕಿಂತ ಜೋರಾಗಿ ಕೊಟ್ಟರೆ ಅವರೇ ತಗ್ಗಿಸುತ್ತಾರೆ.

ಮೊದಲ ಪದಕ್ಕೆ ಸಣ್ಣದೊಂದನ್ನು ಆರಿಸಿ. ಪಲ್ಲವಿ, ಅನುಪಲ್ಲವಿ, ಒಂದೇ ಚರಣ, ಆದಿತಾಳದ್ದು, ಕಣ್ಣು ಮುಚ್ಚಿ ಹಾಡುವಷ್ಟು ರೂಢಿಯಾಗಿರುವುದು. ತಂಬೂರಿ ಮತ್ತು ದನಿ ಎರಡೇ ಟ್ರ್ಯಾಕ್ ಮಾಡಿ ಇಲ್ಲಿ ಹಂಚಿಕೊಳ್ಳಿ, ರೀಪರ್‌ನಲ್ಲಿ ಎಲ್ಲಾದರೂ ಸಿಕ್ಕಿಕೊಂಡರೆ ಪರದೆಯ ಚಿತ್ರವನ್ನೂ ಹಾಕಿ. ಕೇಳಿ, ನೋಡಿ ಉತ್ತರ ಬರೆಯುತ್ತೇನೆ.