ಶಾಲೆಯಲ್ಲಿ ಕೌನ್ಸೆಲರ್ ಇಲ್ಲ, ಮಗುವನ್ನು ಯಾರಿಗೆ ತೋರಿಸಲಿ?

ಪ್ರಶ್ನೆ: ನಾನು ಸಕಲೇಶಪುರ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರ ಶಿಕ್ಷಕಿ. ಒಂಬತ್ತನೇ ತರಗತಿಯ ಹುಡುಗಿಯೊಬ್ಬಳು ಬೆಳಗ್ಗೆ ಹೊಟ್ಟೆನೋವು ಅಂತ ಪದೇ ಪದೇ ಶಾಲೆ ತಪ್ಪಿಸುತ್ತಾಳೆ. ಬಂದ ದಿನವೂ ಮಾತಿಲ್ಲ. ಅಪ್ಪ ಅಮ್ಮ ಕಾಫಿ ತೋಟದ ಕೂಲಿಯವರ ಲೈನ್ ಮನೆಯಲ್ಲಿದ್ದಾರೆ. ಗಾಳಿ ಸೋಕಿದೆ ಅಂತ ತಾಯತ ಕಟ್ಟಿಸಿದ್ದಾರೆ. ನಮ್ಮಲ್ಲಿ ಕೌನ್ಸೆಲರ್ ಇಲ್ಲ. ಏನು ಮಾಡಲಿ?

ಉತ್ತರ: ಮೇಡಂ, ಕೌನ್ಸೆಲರ್ ಇಲ್ಲದಿರುವುದು ಕೊರತೆಯೇ, ಸುಳ್ಳಲ್ಲ. ಆದರೆ ಮೊದಲ ಕೆಲಸಕ್ಕೆ ನೀವೇ ಸಾಕು.

ಹಾಜರಿ ಪುಸ್ತಕ ತೆಗೆದು ನೋಡಿ. ವಾರದಲ್ಲಿ ಒಂದೇ ದಿನ ತಪ್ಪಿಸುತ್ತಿದ್ದಾಳಾ? ಹಾಗಿದ್ದರೆ ಆ ದಿನದ ಟೈಮ್‌ಟೇಬಲ್ ನೋಡಿ. ಭಾನುವಾರ ನೋವು ಇರುತ್ತಾ ಅಂತ ಅಮ್ಮನನ್ನು ಕೇಳಿ. ರಜೆಯಲ್ಲಿ ಆರಾಮಾಗಿದ್ದರೆ ಕಾರಣ ಶಾಲೆಯಲ್ಲೋ ದಾರಿಯಲ್ಲೋ ಇರಬಹುದು. ನಿಮ್ಮ ಕಡೆ ಆನೆ ಓಡಾಡುವ ದಾರಿಯಲ್ಲಿ ನಡೆದು ಬರುವ ಮಕ್ಕಳೂ ಇದ್ದಾರಲ್ವಾ? ರಜೆಯಲ್ಲೂ ನೋವಿದ್ದರೆ ಮನೆಯ ಕಡೆಗೂ ಗಮನ ಕೊಡಿ. ಒಂದು ಮಾತು, ಇದು ನಾಟಕವಲ್ಲ. ಭಯಕ್ಕೆ ಹೊಟ್ಟೆ ನಿಜವಾಗಿಯೇ ನೋಯುತ್ತದೆ. ಹಾಗಂತ ದೇಹದ ಕಾಯಿಲೆ ಇಲ್ಲವೆಂದು ನಾವೇ ತೀರ್ಮಾನಿಸುವುದೂ ಬೇಡ. ಜಂತುಹುಳು, ರಕ್ತಹೀನತೆ, ಮುಟ್ಟಿನ ತೊಂದರೆ ಇದೆಯಾ ಅಂತ ಪಿಎಚ್‌ಸಿಯಲ್ಲಿ ನೋಡಿಸಿ. ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ತಂಡ ಶಾಲೆಗೆ ಬರುತ್ತದೆ ನಿಜ, ಆದರೆ ಅವರು ಬರುವ ತನಕ ಕಾಯಬೇಡಿ.

ಮಾತಾಡಿಸಲು ಸ್ಟಾಫ್ ರೂಮಿಗೆ ಕರೆಯಬೇಡಿ. ನಾಲ್ಕು ಜನರ ಮುಂದೆ ಯಾವ ಮಗುವೂ ಬಾಯಿ ಬಿಡುವುದಿಲ್ಲ. ಬಿಸಿಯೂಟ ಆದ ಮೇಲೆ ನಲ್ಲಿ ಹತ್ತಿರ ತಟ್ಟೆ ತೊಳೆಯುವಾಗ ಪಕ್ಕದಲ್ಲಿ ನಿಂತು, "ಬೆಳಗ್ಗೆ ಮನೆಯಿಂದ ಹೊರಡೋ ಹೊತ್ತಿಗೆ ಏನನ್ನಿಸುತ್ತೆ ಕಣಮ್ಮಾ?" ಅಂತ ಕೇಳಿ ಸುಮ್ಮನಿರಿ. ಉತ್ತರ ಅವತ್ತೇ ಬರಬೇಕೆಂದಿಲ್ಲ. "ಯಾರಿಗೂ ಹೇಳಲ್ಲ" ಎಂಬ ಮಾತು ಮಾತ್ರ ಕೊಡಬೇಡಿ. ಯಾರೋ ಅವಳ ಮೈಮುಟ್ಟಿ ಹಿಂಸೆ ಮಾಡುತ್ತಿದ್ದಾರೆ ಅಂತ ಗೊತ್ತಾದರೆ ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡುವ ಪೋಕ್ಸೋ ಕಾಯ್ದೆಯ ಪ್ರಕಾರ ನೀವು ತಿಳಿಸಲೇಬೇಕು. ಮಕ್ಕಳ ಸಹಾಯವಾಣಿ 1098 ಇದೆ. "ನಿನಗೆ ಸಹಾಯ ಮಾಡುವವರಿಗೆ ಮಾತ್ರ ಹೇಳ್ತೀನಿ" ಅನ್ನಿ, ಅದು ನಿಜ.

ಸಾಯುವ ಮಾತು ಬಂದರೆ ಅವತ್ತೇ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು, ಒಬ್ಬಳನ್ನೇ ಬಿಡಬಾರದು. ಸಾಯಬೇಕು ಅನ್ನಿಸುತ್ತಾ ಅಂತ ಕೇಳಿದರೆ ತಲೆಗೆ ಹುಳ ಬಿಟ್ಟಂತಾಗುತ್ತೆ ಅಂತ ಹೆದರುವವರು ಜಾಸ್ತಿ. ಹಾಗಾಗುವುದಿಲ್ಲ, ನೇರವಾಗಿ ಕೇಳಿ. ಮನೆಯಲ್ಲಿ ತೋಟಕ್ಕೆ ಹೊಡೆಯುವ ಔಷಧಿ ಇದ್ದರೆ ಬೀಗ ಹಾಕಿಡಲು ಅಪ್ಪನಿಗೆ ಹೇಳಿ.

ಇನ್ನು ಡಾಕ್ಟರ ವಿಷಯ. ಹಾಸನಕ್ಕೆ ಹೋದರೆ ಒಂದು ದಿನದ ಕೂಲಿ ಹೋಯಿತು, ಹಣ್ಣು ಕೊಯ್ಯುವ ಕಾಲದಲ್ಲಂತೂ ಅವರು ಬರುವುದೇ ಇಲ್ಲ. ಅದಕ್ಕೆ ಹತ್ತಿರದ ದಾರಿ ಹಿಡಿಯಿರಿ. ಸರ್ಕಾರದ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಮಂಗಳವಾರದ ದಿನ ತಾಲ್ಲೂಕು ಆಸ್ಪತ್ರೆಗಳಿಗೇ ಬರುತ್ತಾರೆ. ಹೊರಡುವ ಮೊದಲು ಆಸ್ಪತ್ರೆಗೊಂದು ಫೋನ್ ಮಾಡಿ ಕೇಳಿಕೊಳ್ಳಿ. ಅದೂ ಆಗದಿದ್ದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್ 14416. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಯಲ್ಲಿ ಹಗಲು ರಾತ್ರಿ ಕನ್ನಡದಲ್ಲೇ ಪುಕ್ಕಟೆಯಾಗಿ ಮಾತಾಡಬಹುದು. ಮಗುವೇ ಮಾಡಬೇಕೆಂದಿಲ್ಲ, ನೀವೇ ಮಾಡಿ ಸಲಹೆ ಕೇಳಬಹುದು.

ತಾಯತ ಬಿಚ್ಚಿಸುವ ಜಗಳಕ್ಕೆ ಇಳಿಯಬೇಡಿ. "ಅದು ಇರಲಿ, ಡಾಕ್ಟರಿಗೂ ಒಂದ್ಸಲ ತೋರಿಸೋಣ" ಅಂದರೆ ಹೆಚ್ಚಿನವರು ಒಪ್ಪುತ್ತಾರೆ. ಪರಿಚಯದ ಆಶಾ ಕಾರ್ಯಕರ್ತೆ ಜೊತೆಗಿದ್ದರೆ ಇನ್ನೂ ಸುಲಭ.

ಪ್ರಶ್ನೆ: ಮಗ ಕಡೂರಿನಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಾನೆ. ರಾತ್ರಿ ನಿದ್ದೆಯಿಲ್ಲ, ಫೇಲಾಗ್ತೀನಿ ಅಂತ ಅಳುತ್ತಾನೆ. ಮನೋವೈದ್ಯರಿಗೆ ತೋರಿಸಿದರೆ ಟಿಸಿಯಲ್ಲಿ ಬರೆಯುತ್ತಾರಾ? ಮುಂದೆ ಕೆಲಸಕ್ಕೆ ತೊಂದರೆಯಾಗುತ್ತಾ?

ಉತ್ತರ: ಟಿಸಿಯಲ್ಲಿ ಬರೆಯುವುದಿಲ್ಲಮ್ಮ. ಚಿಕಿತ್ಸೆಯ ವಿವರ ಗುಟ್ಟಾಗಿಡಬೇಕೆಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ. ಆಸ್ಪತ್ರೆಯವರು ಶಾಲೆಗೆ ಚೀಟಿ ಕಳಿಸುವುದಿಲ್ಲ. ಆ ಭಯಕ್ಕೆ ತೋರಿಸುವುದನ್ನು ಮುಂದೂಡಬೇಡಿ. ಈಗ ಎಸ್ಸೆಸ್ಸೆಲ್ಸಿಗೆ ಒಂದೇ ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಪರೀಕ್ಷೆಗಳಿವೆ, ಜಾಸ್ತಿ ಬಂದ ಅಂಕ ಉಳಿಸಿಕೊಳ್ಳಬಹುದು. ಇದನ್ನು ಮಗನಿಗೂ, ಮುಖ್ಯವಾಗಿ ಅವನಪ್ಪನಿಗೂ ಬಿಡಿಸಿ ಹೇಳಿ. ಮೆಡಿಕಲ್ ಶಾಪಿನಿಂದ ನಿದ್ದೆ ಮಾತ್ರೆ ತಂದು ಕೊಡಬೇಡಿ.